ಭರತಪುರದ ಜೌಗಿನಲ್ಲಿ ಚುಕ್ಕೆ ಹದ್ದಿನ ಹುಡುಕಾಟ

ಹದ್ದು ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಎರಡೇ ಹಕ್ಕಿ. ಒಂದು, ದೇವಸ್ಥಾನದ ಮಾಡಿನ ಮೇಲೆ ಸುತ್ತು ಹಾಕುವ ಕೆಂಚು ರೆಕ್ಕೆಯ, ಬಿಳಿ ತಲೆಯ ಗರುಡ. ಅದು ಕಂಡರೆ ಅಜ್ಜಿಯಂದಿರು ಕೈಮುಗಿಯುತ್ತಾರೆ. ಇನ್ನೊಂದು, ಅಂಗಳದ ಕೋಳಿಮರಿಯನ್ನೂ ಮೀನು ಮಾರುಕಟ್ಟೆಯ ಕಸವನ್ನೂ ಒಂದೇ ಆಸೆಯಿಂದ ನೋಡುವ ಕರಿ ಹದ್ದು. ಅದು ಕಂಡರೆ ಅದೇ ಅಜ್ಜಿಯಂದಿರು ಕಲ್ಲು ಹೆಕ್ಕುತ್ತಾರೆ. ಇವೆರಡರ ಆಚೆಗೆ ಮೂರನೆಯದೊಂದು ಹದ್ದು ಪ್ರತಿವರ್ಷ ಚಳಿಗಾಲದಲ್ಲಿ ನಮ್ಮ ನೆರೆಯ ಕಣ್ಣೂರಿನ ಕಾಟ್ಟಾಂಪಳ್ಳಿ ಜೌಗಿಗೆ ಸಾವಿರಾರು ಮೈಲು ಹಾರಿಬಂದು, ಮಾರ್ಚಿಯ ಹೊತ್ತಿಗೆ ಹೇಳದೆ ಕೇಳದೆ ಹೊರಟುಹೋಗುತ್ತದೆ ಎಂಬ ಸಂಗತಿ ಎಷ್ಟು ಜನರಿಗೆ ಗೊತ್ತು?

ಮಲಯಾಳದಲ್ಲಿ ಇದಕ್ಕೆ ‘ವಲಿಯ ಪುಳ್ಳಿಪ್ಪರುಂದ್’ ಎಂದು ಹೆಸರು. ಇಂಗ್ಲಿಷಿನವರು ‘ಗ್ರೇಟರ್ ಸ್ಪಾಟೆಡ್ ಈಗಲ್’ ಎನ್ನುತ್ತಾರೆ. ನಾವು ದೊಡ್ಡ ಚುಕ್ಕೆ ಹದ್ದು ಎನ್ನೋಣ. ಬೆಳೆದ ಹಕ್ಕಿಯ ರೆಕ್ಕೆಯನ್ನು ತುದಿಯಿಂದ ತುದಿಗೆ ಅಳೆದರೆ ಸುಮಾರು ಐದರಿಂದ ಆರು ಅಡಿ. ಇಡೀ ಪ್ರಪಂಚವನ್ನು ಜಾಲಾಡಿದರೂ ಬೆಳೆದ ಹಕ್ಕಿಗಳ ಸಂಖ್ಯೆ 10,000 ದಾಟಲಾರದು. 4,000ದ ಆಸುಪಾಸಿಗೂ ಇಳಿದಿರಬಹುದು ಎಂದು ಬಲ್ಲವರ ಅಂದಾಜು. ನಮ್ಮ ಜಿಲ್ಲೆಯ ಒಂದು ಸಾಧಾರಣ ಪಂಚಾಯತಿನಲ್ಲಿ ಇದಕ್ಕಿಂತ ಹೆಚ್ಚು ಜನರಿದ್ದಾರೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರಿದೆ.

ಈ ಹಕ್ಕಿಯನ್ನು ಚೆನ್ನಾಗಿ, ಸಾವಕಾಶವಾಗಿ, ಹತ್ತಿರದಿಂದ ನೋಡಬೇಕೆಂದರೆ ಭರತಪುರಕ್ಕೆ ಹೋಗಬೇಕು ಎಂದು ಬಲ್ಲವರೊಬ್ಬರು ಹೇಳಿದ್ದರು. ಕಳೆದ ಜನವರಿಯಲ್ಲಿ ನಿವೃತ್ತ ಮಾಸ್ತರರಾದ ನಮ್ಮ ಭಾವನವರಿಗೆ ಮಥುರೆ, ಬೃಂದಾವನ ನೋಡುವ ಹಂಬಲ ಹುಟ್ಟಿದ್ದರಿಂದ ನನಗೂ ಅನುಕೂಲವಾಯಿತು. ಕಾಸರಗೋಡಿನಲ್ಲಿ ರಾತ್ರಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ಎರಡು ರಾತ್ರಿ ಕಳೆದು ಮಥುರೆ. ಅಲ್ಲಿಂದ ಭರತಪುರಕ್ಕೆ ಒಂದು ಗಂಟೆಯ ಹಾದಿ. ಉತ್ತರದ ಚಳಿಗಾಲದ ಮಂಜಿನ ದೆಸೆಯಿಂದ ಗಾಡಿ ನಿಂತು ನಿಂತು ಹೋಯಿತು ಎಂಬುದನ್ನು ಬಿಟ್ಟರೆ ಪ್ರಯಾಣದ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ರಾಜರು ಕಟ್ಟಿದ ಕೆರೆ

ಭರತಪುರದ ಪಕ್ಷಿಧಾಮಕ್ಕೆ ಸರಕಾರಿ ಹೆಸರು ಕೇವಲಾದೇವ ರಾಷ್ಟ್ರೀಯ ಉದ್ಯಾನ. ಜೌಗಿನ ನಡುವೆ ಇರುವ ಶಿವನ ಗುಡಿಯಿಂದ ಬಂದ ಹೆಸರಿದು. ಊರಿನವರ ಬಾಯಲ್ಲಿ ಮಾತ್ರ ಅದು ‘ಘನಾ’, ಅಂದರೆ ದಟ್ಟವಾದದ್ದು. ವಿಸ್ತೀರ್ಣ ಸುಮಾರು 29 ಚದರ ಕಿಲೋಮೀಟರ್. ಅದರಲ್ಲಿ ನೀರು ನಿಲ್ಲುವುದು ಮೂರರಲ್ಲೊಂದು ಪಾಲು. ಉಳಿದದ್ದು ಜಾಲಿಕಾಡು, ಹುಲ್ಲುಗಾವಲು. ಇಷ್ಟು ಚಿಕ್ಕ ಜಾಗದಲ್ಲಿ 350ಕ್ಕೂ ಹೆಚ್ಚು ಬಗೆಯ ಹಕ್ಕಿಗಳನ್ನು ಪಟ್ಟಿಮಾಡಿದ್ದಾರೆ.

ಇದು ನಿಸರ್ಗ ತಾನೇತಾನಾಗಿ ಮಾಡಿಟ್ಟ ಸರೋವರವಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಗಂಭೀರ್ ಮತ್ತು ಬಾಣಗಂಗಾ ಎಂಬ ಎರಡು ನದಿಗಳ ನೆರೆ ಬಂದು ಸೇರುವ ತಗ್ಗು ಪ್ರದೇಶ ಇದು. ಹದಿನೆಂಟನೆಯ ಶತಮಾನದಲ್ಲಿ ಭರತಪುರದ ಜಾಟ ಅರಸರು ಅಜಾನ್ ಬಂಡ್ ಎಂಬ ಏರಿ ಕಟ್ಟಿ ನೆರೆಯ ನೀರನ್ನು ತಡೆದರು. ಆಮೇಲೆ ಬಂದ ಅರಸರು ಕಾಲುವೆ ತೋಡಿ, ತೂಬು ಇಟ್ಟು, ಒಳಗೆ ಸಣ್ಣ ಸಣ್ಣ ದಿಬ್ಬದ ದಾರಿಗಳನ್ನು ಹಾಕಿ ನೀರನ್ನು ಗದ್ದೆಯ ಹಾಳಿಗಳಂತೆ ಪಾಲುಮಾಡಿದರು. ನಮ್ಮ ಕಡೆ ತೋಡಿಗೆ ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತೇವಲ್ಲ, ತತ್ತ್ವ ಅದೇ. ಅಳತೆ ಮಾತ್ರ ಅರಸರ ಅಳತೆ. ಉದ್ದೇಶ ಬೇಸಾಯವೂ ಅಲ್ಲ, ಹಕ್ಕಿಗಳ ಮೇಲಿನ ಪ್ರೀತಿಯೂ ಅಲ್ಲ. ಬ್ರಿಟಿಷ್ ದೊರೆಗಳನ್ನು ಕರೆಸಿ ಬಾತುಗಳ ಬೇಟೆಯಾಡಿಸುವುದು! ಗುಡಿಯ ಸಮೀಪ ಒಂದು ಕಲ್ಲಿನ ಮೇಲೆ ಆ ಬೇಟೆಗಳ ಲೆಕ್ಕವನ್ನು ತಾರೀಕು ಸಮೇತ ಕೆತ್ತಿ ಇಟ್ಟಿದ್ದಾರೆ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ಗೌರವಾರ್ಥ ನಡೆದ ಬೇಟೆಯಲ್ಲಿ ಒಂದೇ ದಿನ ಉರುಳಿದ ಹಕ್ಕಿಗಳು 4,273. ನಮ್ಮ ಭಾವನವರು ಆ ಸಂಖ್ಯೆಯನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. “ಇದನ್ನು ಕಲ್ಲಿನಲ್ಲಿ ಬರೆಸಬೇಕಾದರೆ ಎಂಥ ಧೈರ್ಯ ಬೇಕು!” ಎಂದರು.

ಸ್ವಾತಂತ್ರ್ಯ ಬಂದ ಬಳಿಕ, 1956ರಲ್ಲಿ ಇದು ಪಕ್ಷಿಧಾಮವಾಯಿತು. ಆದರೂ ಮಹಾರಾಜರ ಬೇಟೆಯ ಹಕ್ಕು 1972ರವರೆಗೆ ಉಳಿದೇ ಇತ್ತು. 1981ರಲ್ಲಿ ರಾಮ್‌ಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೆ ಸೇರಿ, 1982ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿ, 1985ರಲ್ಲಿ ಯುನೆಸ್ಕೋದವರ ವಿಶ್ವ ಪರಂಪರೆಯ ತಾಣವಾಯಿತು. ಬೇಟೆಗಾಗಿ ಕೂಡಿಟ್ಟ ನೀರು ಹಕ್ಕಿಗಳ ಆಸರೆಯಾದದ್ದು ಹೀಗೆ. ಇದರ ಹಿಂದೆ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ ಅವರ ದೀರ್ಘಕಾಲದ ಶ್ರಮವಿದೆ. ಅವರು ಇಲ್ಲಿ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಅವು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬುದನ್ನು ತಿಳಿಯುವ ಕೆಲಸ ನಡೆಸಿದವರು.

ಹದ್ದನ್ನಲ್ಲ, ಕೋಳಿಯನ್ನು ನೋಡಿ

ಉದ್ಯಾನದೊಳಗೆ ಕಾರು, ಬಸ್ಸು ಓಡಿಸಿಕೊಂಡು ಸುತ್ತುವಂತಿಲ್ಲ. ನಡೆಯಬೇಕು, ಇಲ್ಲವೇ ಬಾಡಿಗೆ ಸೈಕಲ್ ಹಿಡಿಯಬೇಕು, ಅದೂ ಆಗದವರು ರಿಕ್ಷಾ ಹತ್ತಬೇಕು. ಇಲ್ಲಿನ ಸೈಕಲ್ ರಿಕ್ಷಾದವರು ಬರಿಯ ರಿಕ್ಷಾದವರಲ್ಲ. ತರಬೇತಿ ಪಡೆದ ಮಾರ್ಗದರ್ಶಿಗಳು. ನಮಗೆ ಸಿಕ್ಕಿದವರು ಅರವತ್ತರ ಆಚೆಗಿನ ಒಬ್ಬ ಸರ್ದಾರ್‌ಜಿ. ಶಾಲೆ ನಾಲ್ಕನೆಯ ತರಗತಿಗೇ ಮುಗಿದಿತ್ತಂತೆ. ಆದರೆ ಹಕ್ಕಿಗಳ ಲ್ಯಾಟಿನ್ ಹೆಸರುಗಳನ್ನು ನಮ್ಮ ಪುರೋಹಿತರು ಸಹಸ್ರನಾಮ ಹೇಳುವ ಹಾಗೆ ಹೇಳುತ್ತಿದ್ದರು. ಸೀಟಿನ ಪಕ್ಕದಲ್ಲಿ ಒಂದು ಹಳೆಯ ದೂರದರ್ಶಕವನ್ನು ಕಂಬಳಿ ಸುತ್ತಿ ಇಟ್ಟಿದ್ದರು.

“ಚುಕ್ಕೆ ಹದ್ದು ನೋಡಬೇಕು” ಎಂದೆ ನನ್ನ ಮುರುಕು ಹಿಂದಿಯಲ್ಲಿ.

“ಬಾಬೂಜಿ, ಹಾಗಾದರೆ ಆಕಾಶ ನೋಡಬೇಡಿ. ನೀರಿನಲ್ಲಿರುವ ನಾಮದ ಕೋಳಿಗಳನ್ನು ನೋಡುತ್ತಾ ಇರಿ. ಹದ್ದು ಎಲ್ಲಿದೆ ಎಂದು ಅವೇ ಹೇಳುತ್ತವೆ” ಎಂದರು.

ಈ ಮಾತಿನ ಅರ್ಥ ಆಮೇಲೆ ತಿಳಿಯಿತು. ನಾಮದ ಕೋಳಿ ಎಂದರೆ ಹಣೆಯ ಮೇಲೆ ಬಿಳಿ ನಾಮ ಹಾಕಿಕೊಂಡಂತಿರುವ ಕಪ್ಪು ನೀರುಹಕ್ಕಿ. ಹದ್ದು ಇಲ್ಲದಾಗ ಇವು ನೀರಿನ ತುಂಬ ಚೆಲ್ಲಾಪಿಲ್ಲಿಯಾಗಿ, ಒಂದಕ್ಕೊಂದು ಜಗಳವಾಡುತ್ತ ತೇಲುತ್ತಿರುತ್ತವೆ. ಹದ್ದಿನ ನೆರಳು ಬಿತ್ತೋ, ಜಗಳವೆಲ್ಲ ಮರೆತು ಒಂದೇ ಮುದ್ದೆಯಾಗಿ ಒತ್ತೊತ್ತಿ ನಿಂತು ನೀರು ಚಿಮ್ಮಿಸತೊಡಗುತ್ತವೆ. ಗುಂಪಿನ ಮೇಲೆ ಎರಗಲು ಹದ್ದಿಗೆ ಗುರಿ ಸಿಗುವುದಿಲ್ಲ. ಅದು ಮೇಲೆ ಸುತ್ತುತ್ತಲೇ ಇರುತ್ತದೆ. ಗುಂಪಿನಿಂದ ಒಂದು ಹಕ್ಕಿ, ಗಾಯಗೊಂಡದ್ದೋ ರೋಗದ್ದೋ, ಎರಡು ಮಾರು ಹಿಂದುಳಿಯಬೇಕು. ಅದರ ಕತೆ ಅಲ್ಲಿಗೆ ಮುಗಿಯಿತು. ಕಪ್ಪೆ, ಮೀನು, ಇಲಿ, ಹಾವು, ಸತ್ತುಬಿದ್ದ ಬಾತು ಯಾವುದನ್ನೂ ಚುಕ್ಕೆ ಹದ್ದು ಬೇಡವೆನ್ನುವುದಿಲ್ಲ. ಬೇರೆ ಹಕ್ಕಿಗಳು ಹಿಡಿದದ್ದನ್ನು ಕಸಿದುಕೊಳ್ಳುವುದಕ್ಕೂ ಅದಕ್ಕೆ ನಾಚಿಕೆಯಿಲ್ಲ. ಆದರೆ ಇವೆಲ್ಲವೂ ಇರುವುದು ನೀರಿನ ಬದಿಯಲ್ಲಿ. ಬಯಲಿನಲ್ಲಿ, ಮರಳುಗಾಡಿನಲ್ಲಿ ಬದುಕಬಲ್ಲ ಹದ್ದುಗಳು ಹಲವಿವೆ. ಇದು ಹಾಗಲ್ಲ. ಮೊಟ್ಟೆಯಿಡುವಲ್ಲಿಯೂ ಇದಕ್ಕೆ ಜೌಗು ಬೇಕು, ಚಳಿಗಾಲ ಕಳೆಯುವಲ್ಲಿಯೂ ಜೌಗೇ ಬೇಕು.

ಮೊದಲ ದಿನ ನಮಗೆ ಕಂಡದ್ದು ಬೇರೆಯವೇ. ಹುಲ್ಲಿನ ತುದಿ ಸವರಿಕೊಂಡು, ರೆಕ್ಕೆಯನ್ನು ಮೇಲಕ್ಕೆತ್ತಿ ತೂಗಾಡುತ್ತ ಹೋಗುವ ಮಾರ್ಷ್ ಹ್ಯಾರಿಯರ್ ಎಂಬ ಡೇಗೆ ಹತ್ತಾರು ಕಂಡವು. ಬಾಲ ಕವಲಾದ ಕರಿ ಹದ್ದುಗಳಿಗಂತೂ ಲೆಕ್ಕವಿಲ್ಲ. ಮಧ್ಯಾಹ್ನ ಒಂದು ದೊಡ್ಡ ಕಂದು ಹದ್ದು ಜಾಲಿಮರದಲ್ಲಿ ಕುಳಿತದ್ದನ್ನು ಕಂಡು ನಾನು ರಿಕ್ಷಾ ನಿಲ್ಲಿಸಿದೆ. ಸರ್ದಾರ್‌ಜಿ ದೂರದರ್ಶಕ ಹೂಡಿ, ಒಂದು ಕ್ಷಣ ನೋಡಿ, ತಲೆಯಾಡಿಸಿದರು. “ಬಾಯಿ ನೋಡಿ” ಎಂದರು.

ಹದ್ದುಗಳನ್ನು ಗುರುತಿಸುವ ವಿದ್ಯೆ ಬಹಳ ಸೂಕ್ಷ್ಮವಾದದ್ದು. ಇಲ್ಲಿ ಚಳಿಗಾಲಕ್ಕೆ ಬರುವ ಕಂದು ಬಣ್ಣದ ದೊಡ್ಡ ಹದ್ದುಗಳು ನಾಲ್ಕೈದು ಬಗೆಯವು. ದೂರದಿಂದ ಎಲ್ಲವೂ ಒಂದೇ. ಹುಲ್ಲುಗಾವಲಿನ ನಾಡಿನಿಂದ ಬರುವ ಸ್ಟೆಪ್ ಹದ್ದಿಗೆ ಬಾಯಿಯ ಹಳದಿ ಗೆರೆ ಕಣ್ಣಿನ ಹಿಂದಿನ ಅಂಚಿನವರೆಗೂ ಸೀಳಿಕೊಂಡು ಹೋಗಿರುತ್ತದೆ. ಸದಾ ಹಲ್ಲುಕಿರಿದಂತೆ ಕಾಣುತ್ತದೆ. ದೊಡ್ಡ ಚುಕ್ಕೆ ಹದ್ದಿಗೆ ಆ ಗೆರೆ ಕಣ್ಣಿನ ನಡುವಿನಲ್ಲೇ ನಿಲ್ಲುತ್ತದೆ. ಅದರ ಮೂಗಿನ ಹೊಳ್ಳೆ ದುಂಡಗೆ, ಹಳೆಯ ಕಾಲದ ಕಾಲಾಣೆಯ ಹಾಗೆ, ಉಳಿದವುಗಳದ್ದು ಉದ್ದುದ್ದ. ಹಾರುವಾಗ ರೆಕ್ಕೆ ಅಗಲ, ಬಾಲ ಗಿಡ್ಡ, ರೆಕ್ಕೆಯ ತುದಿ ತುಸು ಕೆಳಕ್ಕೆ ಬಾಗಿರುತ್ತದೆ. ಬಾಲದ ಬುಡದಲ್ಲಿ ಕುದುರೆ ಲಾಳದಂಥ ಬಿಳಿಯ ಗುರುತು. ಉತ್ತರ ಭಾರತದ ಬಯಲುಗಳಲ್ಲೇ ಗೂಡುಕಟ್ಟುವ ದೇಶೀ ಚುಕ್ಕೆ ಹದ್ದು ಎಂಬ ಇನ್ನೊಂದು ಇದೆ. ಅದು ಇದರ ಹತ್ತಿರದ ದಾಯಾದಿ. ನೋಡಿದವರನ್ನು ತಬ್ಬಿಬ್ಬು ಮಾಡುವುದರಲ್ಲಿ ಎಲ್ಲಕ್ಕೂ ಮುಂದು. ಅಂದು ನಾನು ನೋಡಿದ್ದು ಸ್ಟೆಪ್ ಹದ್ದು. ಅದೂ ಅಪರೂಪದ ಅತಿಥಿಯೇ, ಆದರೆ ನಾವು ಬಂದದ್ದು ಅದಕ್ಕಲ್ಲ.

ಎರಡನೆಯ ದಿನ ಬೆಳಿಗ್ಗೆ ಹತ್ತು ಗಂಟೆಯವರೆಗೂ ಮಂಜು. ರಿಕ್ಷಾದ ಮುಂದಿನ ಚಕ್ರ ಕಾಣದಷ್ಟು. ಎಲ್ಲಿಂದಲೋ ಸಾರಸ ಜೋಡಿಯ ಕೂಗು ಕೇಳುತ್ತಿತ್ತು, ಹಕ್ಕಿ ಕಾಣುತ್ತಿರಲಿಲ್ಲ. ಭಾವನವರು ಮಫ್ಲರ್ ಬಿಗಿದುಕೊಂಡು, “ಮಥುರೆಯಲ್ಲಿ ಕೃಷ್ಣನಾದರೂ ಸಮಯಕ್ಕೆ ಸರಿಯಾಗಿ ದರ್ಶನ ಕೊಟ್ಟ” ಎಂದು ಗೊಣಗಿದರು. ಮಂಜು ಕರಗಿದ ಮೇಲೆ ಸರ್ದಾರ್‌ಜಿ ನಮ್ಮನ್ನು ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ್ದ ಜಾಲಿಮರಗಳ ಕಡೆಗೆ ಕರೆದೊಯ್ದರು. ನೀರಿನ ನಡುವೆ ಮಣ್ಣಿನ ದಿಬ್ಬಗಳು, ದಿಬ್ಬದ ಮೇಲೆ ಜಾಲಿಮರ, ಮರದ ತುಂಬ ಗೂಡು. ಹೆಚ್ಚಿನ ಮರಿಗಳು ಆಗಲೇ ರೆಕ್ಕೆ ಬಲಿತು ನಿಂತಿದ್ದವು. ಗೂಡಿನಿಂದ ಕೆಳಗೆ ಬಿದ್ದದ್ದು ಹದ್ದಿನ ಪಾಲು ಎಂದರು.

ನಾವು ಅಲ್ಲಿ ಎರಡು ಗಂಟೆ ಕುಳಿತೆವು. ನಾಮದ ಕೋಳಿಗಳು ಹರಡಿಕೊಂಡೇ ಇದ್ದವು. ಒಂದು ಗಂಟೆಯ ಹೊತ್ತಿಗೆ ನೀರಿನ ಆಚೆಯ ಬದಿಯಿಂದ ಒಂದು ಸದ್ದು ಎದ್ದಿತು. ಮಳೆ ಹತ್ತಿರ ಬರುವಾಗ ತೆಂಗಿನ ತೋಟದಲ್ಲಿ ಕೇಳಿಸುತ್ತದಲ್ಲ, ಅಂಥದ್ದು. ನೋಡಿದರೆ ಬಾತುಗಳೆಲ್ಲ ಒಟ್ಟಿಗೆ ಎದ್ದಿವೆ. ಕೋಳಿಗಳು ನಾಲ್ಕೂ ದಿಕ್ಕಿನಿಂದ ಈಜಿ ಬಂದು ಕಪ್ಪು ಚಾಪೆಯಂತೆ ಕೂಡಿಕೊಂಡವು. ಒಣಗಿದ ಮರವೊಂದರಿಂದ ಇಳಿದ ಕಡುಗಂದು ಹಕ್ಕಿ, ಅವಸರವೇ ಇಲ್ಲದೆ, ಆ ಚಾಪೆಯ ಮೇಲೆ ಮೂರು ಸುತ್ತು ಹಾಕಿತು. ಬಿಸಿಲಿಗೆ ತಿರುಗಿದಾಗ ಬಾಲದ ಬುಡದ ಬಿಳಿ ಲಾಳ ಕಂಡಿತು. ಏನೂ ಸಿಗಲಿಲ್ಲ. ಅಷ್ಟರಲ್ಲಿ ಬದಿಯ ಹುಲ್ಲಿನಿಂದ ಒಂದು ಹ್ಯಾರಿಯರ್ ಏನನ್ನೋ ಕಾಲಲ್ಲಿ ಹಿಡಿದು ಎದ್ದದ್ದೇ ತಡ, ಹದ್ದು ಅದರ ಬೆನ್ನು ಹತ್ತಿತು. ಎರಡು ತಿರುವು ಆಗುವಷ್ಟರಲ್ಲಿ ಹ್ಯಾರಿಯರ್ ಹಿಡಿದದ್ದನ್ನು ಬಿಟ್ಟುಬಿಟ್ಟಿತು. ಹದ್ದು ಅದನ್ನು ಕೆಸರಿನಿಂದ ಎತ್ತಿಕೊಂಡು ಮರಳಿ ಅದೇ ಒಣಮರಕ್ಕೆ ಬಂದು ಕುಳಿತು ತಿನ್ನತೊಡಗಿತು.

ದೂರದರ್ಶಕದಲ್ಲಿ ದುಂಡು ಹೊಳ್ಳೆ ಸ್ಪಷ್ಟವಾಗಿ ಕಂಡಿತು. ಬಾಯಿಯ ಗೆರೆ ಕಣ್ಣಿನ ನಡುವಿಗೆ ನಿಂತಿತ್ತು. ಕಾಲಿಗೆ ಬೆರಳಿನ ಬುಡದವರೆಗೂ ಗರಿಯ ಷರಾಯಿ. ನಾನು ತೃಪ್ತಿಯಿಂದ ಭಾವನವರಿಗೆ ಸ್ಥಳ ಬಿಟ್ಟುಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

“ಎಲ್ಲ ಸರಿ ಭಾವ, ಚುಕ್ಕೆ ಎಲ್ಲಿ?”

ನ್ಯಾಯವಾದ ಪ್ರಶ್ನೆ. ಬೆಳೆದ ಚುಕ್ಕೆ ಹದ್ದಿಗೆ ಚುಕ್ಕೆಯೇ ಇರುವುದಿಲ್ಲ! ಮೊದಲ ವರ್ಷದ ಮರಿಗೆ ಮಾತ್ರ ರೆಕ್ಕೆಯ ಮೇಲ್ಭಾಗದಲ್ಲಿ ಅಕ್ಕಿಕಾಳು ಚೆಲ್ಲಿದಂತೆ ಬಿಳಿಯ ಹನಿಗಳಿರುತ್ತವೆ. ವರ್ಷ ವರ್ಷಕ್ಕೆ ಅವು ಕಡಿಮೆಯಾಗುತ್ತ ಬಂದು, ಹಕ್ಕಿ ಪ್ರಾಯಕ್ಕೆ ಬರುವಾಗ ಒಂದೂ ಉಳಿಯುವುದಿಲ್ಲ. ಚುಕ್ಕೆ ಕಂಡೇ ಹೋಗಬೇಕೆಂದು ಭಾವನವರು ಹಟ ಹಿಡಿದದ್ದರಿಂದ ಮೂರನೆಯ ದಿನವೂ ಉಳಿದೆವು. ಅಂದು ಸಂಜೆ ಹಿಂದಿರುಗುವ ದಾರಿಯಲ್ಲಿ, ದಿಬ್ಬದ ರಸ್ತೆಯಿಂದ ನೂರು ಮಾರು ದೂರದಲ್ಲಿ, ಒಂದು ಎಳೆಯ ಹಕ್ಕಿ ನೆಲದಲ್ಲಿ ಕುಳಿತಿತ್ತು. ಬೆನ್ನ ತುಂಬ ಬಿಳಿ ಹನಿ.

ಗೋಡೆಯ ಹೊರಗಿನವರು

ಉದ್ಯಾನದ ಸುತ್ತ ಎತ್ತರದ ಕಲ್ಲಿನ ಗೋಡೆಯಿದೆ. ಗೋಡೆಗೆ ಹತ್ತಿಕೊಂಡೇ ಹಳ್ಳಿಗಳು. ಒಂದು ಚಾದ ಅಂಗಡಿಯಲ್ಲಿ ಕುಳಿತಿದ್ದಾಗ, ನಾವು ದಕ್ಷಿಣದಿಂದ ಹಕ್ಕಿ ನೋಡಲೆಂದೇ ಬಂದವರು ಎಂದು ತಿಳಿದು ಒಬ್ಬ ಮುದುಕರು ನಕ್ಕರು. ಅವರ ತಂದೆಯ ಕಾಲಕ್ಕೆ ಮನೆಯ ಹನ್ನೊಂದು ಎಮ್ಮೆಗಳು ಈ ಜೌಗಿನಲ್ಲೇ ಮೇದು, ಇಲ್ಲೇ ಈಜಿ, ಸಂಜೆ ತಾವಾಗಿಯೇ ಮನೆಗೆ ಬರುತ್ತಿದ್ದುವಂತೆ. ಆ ಚಳಿಗಾಲದಲ್ಲಿ ಏಳನ್ನು ಮಾರಿದೆವು ಎಂದರು.

ಆ ಚಳಿಗಾಲ ಎಂದರೆ 1982. ರಾಷ್ಟ್ರೀಯ ಉದ್ಯಾನವಾದ ಮೇಲೆ ಕಾನೂನಿನ ಪ್ರಕಾರ ಒಳಗೆ ಜಾನುವಾರು ಮೇಯಿಸುವಂತಿಲ್ಲ. ತಲೆಮಾರುಗಳಿಂದ ಮೇಯಿಸಿದವರಿಗೆ ಬದಲಿ ಏರ್ಪಾಡು ಮಾಡದೆಯೇ ನವೆಂಬರಿನಲ್ಲಿ ಬಾಗಿಲು ಮುಚ್ಚಲಾಯಿತು. ಜನ ಎಮ್ಮೆಗಳ ಸಮೇತ ನುಗ್ಗಿದರು. ಪೊಲೀಸರು ಗುಂಡು ಹಾರಿಸಿದರು. ಹಳ್ಳಿಗರು ಪ್ರಾಣ ತೆತ್ತರು. ಹಕ್ಕಿಗಳ ಹೆಸರಿನಲ್ಲಿ ಮನುಷ್ಯರು ಸತ್ತ ಆ ದಿನವನ್ನು ಪ್ರವಾಸಿಗಳಿಗೆ ಹಂಚುವ ಬಣ್ಣದ ಕರಪತ್ರಗಳಲ್ಲಿ ಹುಡುಕಬೇಡಿ.

ಮೇಯಿಸುವುದನ್ನು ನಿಲ್ಲಿಸಿದರೆ ಹಕ್ಕಿಗಳಿಗೆ ಒಳ್ಳೆಯದು ಎಂಬುದು ಆಗಿನ ಪಕ್ಷಿಶಾಸ್ತ್ರಜ್ಞರ ನಂಬಿಕೆಯೂ ಆಗಿತ್ತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ವಿ. ಎಸ್. ವಿಜಯನ್ ಅವರ ನೇತೃತ್ವದಲ್ಲಿ 1980ರಿಂದ ಹತ್ತು ವರ್ಷ ಇಲ್ಲಿಯೇ ಬೀಡುಬಿಟ್ಟು ಅಧ್ಯಯನ ನಡೆಸಿದರು. ಹೊರಬಂದ ಫಲಿತಾಂಶ ಎಲ್ಲರನ್ನೂ ಸೋಜಿಗಗೊಳಿಸಿತು. ಎಮ್ಮೆಗಳು ಹೋದ ಮೇಲೆ ಪಾಸ್ಪಾಲಂ ಎಂಬ ನೀರುಹುಲ್ಲು ತಡೆಯಿಲ್ಲದೆ ಬೆಳೆದು ಕೆರೆಯ ಮುಖವನ್ನೇ ಮುಚ್ಚಿಬಿಟ್ಟಿತು. ತೆರೆದ ನೀರು ಕಡಿಮೆಯಾಯಿತು, ಮೀನು ಕಡಿಮೆಯಾದವು, ಬಾತು, ಕೋಳಿಗಳಿಗೆ ಇಳಿಯುವ ಜಾಗ ಉಳಿಯಲಿಲ್ಲ. ಹಳ್ಳಿಗರ ಎಮ್ಮೆಗಳು ಇಷ್ಟು ವರ್ಷ ಕೂಲಿಯಿಲ್ಲದೆ ಕಳೆ ಕೀಳುತ್ತಿದ್ದವು ಎಂಬುದು ಅವು ಹೋದ ಮೇಲೆ ಗೊತ್ತಾಯಿತು. ನಿಷೇಧವನ್ನು ಬಯಸಿದ್ದವರ ಪಾಳಯದವರೇ ಅದು ಸರಿಯಾಗಲಿಲ್ಲ ಎಂದು ಬರೆದರು. ನನ್ನ ಮಟ್ಟಿಗೆ, ಈ ಪಕ್ಷಿಧಾಮದಲ್ಲಿ ಗೌರವ ಹುಟ್ಟಿಸುವ ಸಂಗತಿಗಳಲ್ಲಿ ಇದೂ ಒಂದು. ಆದರೆ ನಿಷೇಧ ಹಾಗೆಯೇ ಮುಂದುವರಿದಿದೆ. ಹುಲ್ಲನ್ನು ಮನುಷ್ಯರು ಕೊಯ್ದು ಒಯ್ಯಲು ಅನುಮತಿ ಕೊಡುವ ಪದ್ಧತಿ ಬಂತು, ಯಂತ್ರಗಳಿಂದ ಕೀಳಿಸುವ ಪ್ರಯತ್ನವೂ ನಡೆಯಿತು. ಎಮ್ಮೆ ಮಾಡುತ್ತಿದ್ದ ಕೆಲಸಕ್ಕೆ ಅದು ಸಮ ಬರಲಿಲ್ಲ.

ಇನ್ನು ನೀರಿನ ಜಗಳ. ಉದ್ಯಾನ ಸರಿಯಾಗಿ ತುಂಬಲು ವರ್ಷಕ್ಕೆ ಸುಮಾರು 550 ದಶಲಕ್ಷ ಘನ ಅಡಿ ನೀರು ಬೇಕು. ಗಂಭೀರ್ ನದಿಯ ಮೇಲ್ಭಾಗದಲ್ಲಿ, ಕರೌಲಿ ಜಿಲ್ಲೆಯಲ್ಲಿ ಪಾಂಚನಾ ಅಣೆಕಟ್ಟು ಎದ್ದ ಮೇಲೆ ಕೆಳಕ್ಕೆ ಬರುವ ನೀರು ಮೇಲಿನವರ ಮರ್ಜಿಗೆ ಬಿತ್ತು. ಬರಗಾಲದ ವರ್ಷಗಳಲ್ಲಿ, ಮುಖ್ಯವಾಗಿ 2004ರ ಸುಮಾರಿಗೆ, ನಮ್ಮ ಗದ್ದೆಗೇ ನೀರಿಲ್ಲದಾಗ ಹಕ್ಕಿಗಳಿಗೇಕೆ ಎಂದು ಮೇಲಿನ ರೈತರು ಪಟ್ಟುಹಿಡಿದರು. ತೋಡಿನ ಬಾಲದಲ್ಲಿ ಅಡಿಕೆ ತೋಟ ಇರುವ ನಮ್ಮವರಿಗೆ ಈ ಜಗಳವನ್ನು ವಿವರಿಸಿ ಹೇಳಬೇಕಾಗಿಲ್ಲ. ಕೆರೆ ಬಿರುಕುಬಿಟ್ಟಿತು. ಕೊಕ್ಕರೆಗಳು ಗೂಡು ಕಟ್ಟದೆ ಹೋದ ವರ್ಷಗಳೂ ಇದ್ದವು. ಕೊನೆಗೆ ಯಮುನೆಯ ನೆರೆಯ ನೀರನ್ನು ಗೋವರ್ಧನದ ಕಾಲುವೆಯಿಂದ ಕೊಳವೆಯ ಮೂಲಕ ತರುವ ಯೋಜನೆ 2012ರಲ್ಲಿ ಮುಗಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ನದಿಯ ನೆರೆಯೊಂದಿಗೆ ಬರುತ್ತಿದ್ದ ಮೀನುಮರಿ, ಗಡ್ಡೆ, ಬೀಜ, ಹುಳುಹುಪ್ಪಟೆ ಕೊಳವೆಯ ನೀರಿನಲ್ಲಿ ಅಷ್ಟಾಗಿ ಬರುವುದಿಲ್ಲ ಎಂಬುದು ಮಾತ್ರ ನೆನಪಿಡಬೇಕು.

ಭರತಪುರಕ್ಕೆ ಹೆಸರು ತಂದುಕೊಟ್ಟ ಸೈಬೀರಿಯಾದ ಬಿಳಿ ಕ್ರೌಂಚಗಳು ಈಗ ಇಲ್ಲ. 1960ರ ದಶಕದಲ್ಲಿ ಇನ್ನೂರರ ಹತ್ತಿರ ಬರುತ್ತಿದ್ದವು ಇಳಿಯುತ್ತ ಬಂದು, 2002ರ ಚಳಿಗಾಲದಲ್ಲಿ ಕೊನೆಯ ಜೋಡಿ ಕಂಡದ್ದು. ಆಮೇಲೆ ಬರಲೇ ಇಲ್ಲ. ಹಿಂದೆ ಇಲ್ಲಿ ಗೂಡು ಕಟ್ಟುತ್ತಿದ್ದ ಪಲ್ಲಾಸನ ಮೀನುಹದ್ದೂ ಇಲ್ಲ.

ರಣಹದ್ದಿನ ಕತೆ ಇವೆರಡಕ್ಕಿಂತಲೂ ದೊಡ್ಡದು, ಮತ್ತು ಅದು ಬಯಲಿಗೆ ಬಂದದ್ದೇ ಈ ಜೌಗಿನಿಂದ. 1980ರ ದಶಕದಲ್ಲಿ ವಿಭು ಪ್ರಕಾಶ್ ಎಂಬ ತರುಣ ಸಂಶೋಧಕರು ಇಲ್ಲಿನ ಬೇಟೆಹಕ್ಕಿಗಳನ್ನು ವರ್ಷಗಟ್ಟಲೆ ಎಣಿಸಿ, ಗೂಡು ಗುರುತಿಸಿ, ಪುಸ್ತಕದಲ್ಲಿ ಬರೆದಿಟ್ಟರು. ಚುಕ್ಕೆ ಹದ್ದೂ ಆ ಲೆಕ್ಕದಲ್ಲಿ ಸೇರಿತ್ತು. 1987-88ರಲ್ಲಿ ಬಿಳಿ ಬೆನ್ನಿನ ರಣಹದ್ದುಗಳ 353 ಜೋಡಿ ಇಲ್ಲಿ ಗೂಡು ಕಟ್ಟಿದ್ದವು. ಸುಮಾರು ಹತ್ತು ವರ್ಷಗಳ ಬಳಿಕ ಅವರು ಮತ್ತೆ ಎಣಿಸಿದಾಗ ಸಿಕ್ಕಿದ್ದು 150. ಕೊಂಬೆಗಳಲ್ಲಿ ಕುತ್ತಿಗೆ ಇಳಿಬಿಟ್ಟ ಹಕ್ಕಿಗಳು, ಕೆಳಗೆ ಹೆಣಗಳು. ಅಲ್ಲಿಂದ ಮುಂದೆ ಕೆಲವೇ ವರ್ಷಗಳಲ್ಲಿ ಸೊನ್ನೆ. ಹಳೆಯ ಎಣಿಕೆ ಇದ್ದುದರಿಂದಲೇ ಹೊಸ ಕೊರತೆ ತಿಳಿಯಿತು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯೇ ಕಾರಣವೆಂದು 2004ರಲ್ಲಿ ರುಜುವಾತಾಯಿತು. 2006ರಲ್ಲಿ ನಮ್ಮ ದೇಶದಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು.

ಬೇಸಿಗೆಯ ಮನೆ

ಚಳಿಗಾಲಕ್ಕೆ ಇಲ್ಲಿಗೆ ಬರುವ ಚುಕ್ಕೆ ಹದ್ದಿನ ತವರು ಬಹಳ ದೂರ. ಪೋಲಂಡಿನ ಅಂಚಿನಿಂದ ಬೆಲಾರುಸ್, ರಷ್ಯಾ, ಸೈಬೀರಿಯಾ ದಾಟಿ ಪೆಸಿಫಿಕ್ ಸಾಗರದ ಕಡೆಯವರೆಗೂ ಹರಡಿರುವ ಕಾಡು ಮತ್ತು ಜೌಗು ಸೇರುವ ಜಾಗಗಳಲ್ಲಿ ಇವು ಎತ್ತರದ ಮರದಲ್ಲಿ ಗೂಡು ಕಟ್ಟುತ್ತವೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಆದರೆ ಮೊದಲು ಒಡೆದ ಮರಿ ಎರಡನೆಯದನ್ನು ಕುಕ್ಕಿ ಕುಕ್ಕಿ ತಿನ್ನಲು ಬಿಡದೆ ಕೊಲ್ಲುವುದೇ ಹೆಚ್ಚು. ವರ್ಷಕ್ಕೆ ಒಂದು ಮರಿ ಉಳಿದರೆ ಭಾಗ್ಯ. ಇಂಥ ಹಕ್ಕಿಯ ಸಂಖ್ಯೆ ಒಮ್ಮೆ ಬಿದ್ದರೆ ಮೇಲೇಳುವುದು ನಿಧಾನ. ಯುರೋಪಿನ ಕಡೆ ಕೃಷಿಗೆಂದು ಜೌಗುಗಳ ನೀರನ್ನು ಬಸಿದು ಒಣಗಿಸಿದ ಮೇಲೆ ಇವುಗಳ ನೆಲೆ ಪೂರ್ವಕ್ಕೆ ಸರಿಯುತ್ತ ಬಂತು. ಜೊತೆ ಸಿಗದ ಹಕ್ಕಿಗಳು ಒಣನೆಲದಲ್ಲೂ ಬದುಕಬಲ್ಲ ಚಿಕ್ಕ ಚುಕ್ಕೆ ಹದ್ದುಗಳ ಜೊತೆ ಸಂಸಾರ ಹೂಡುತ್ತಿರುವುದರಿಂದ ಅಲ್ಲಿ ಬೆರಕೆ ಸಂತಾನವೂ ಹೆಚ್ಚುತ್ತಿದೆ.

ಈಚೆಗೆ ಯುದ್ಧವೂ ಇವುಗಳ ದಾರಿಗೆ ಅಡ್ಡ ಬಂದಿದೆ. ಬೆಲಾರುಸಿನ ಪೊಲೇಸಿಯಾ ಜೌಗಿನ 19 ಹದ್ದುಗಳ ಬೆನ್ನಿಗೆ ವಿಜ್ಞಾನಿಗಳು ಸಣ್ಣ ಪ್ರೇಷಕಗಳನ್ನು ಕಟ್ಟಿದ್ದರು. 2022ರ ವಸಂತದಲ್ಲಿ ಅವು ಎಂದಿನಂತೆ ಉಕ್ರೇನಿನ ಮೇಲೆ ತವರಿಗೆ ಹೊರಟಾಗ ಕೆಳಗೆ ಫಿರಂಗಿ ಸಿಡಿಯುತ್ತಿತ್ತು. 2024ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅವು ಸರಾಸರಿ 85 ಕಿಲೋಮೀಟರ್ ಹೆಚ್ಚು ಸುತ್ತುಬಳಸಿ ಹಾರಿದ್ದವು. ನಡುವೆ ಇಳಿದು ಮೇಯುತ್ತಿದ್ದ ಜೌಗುಗಳಲ್ಲಿ ಹಲವು ಹಕ್ಕಿಗಳು ಆ ವರ್ಷ ಇಳಿಯಲೇ ಇಲ್ಲ. ದಣಿದು, ತಡವಾಗಿ ತಲಪಿದ ಹಕ್ಕಿಗೆ ಗೂಡಿನ ಕೆಲಸ ಕಷ್ಟ. ಇವು ಭಾರತಕ್ಕೆ ಬರುವ ಹದ್ದುಗಳಲ್ಲ, ಆಫ್ರಿಕ, ದಕ್ಷಿಣ ಯುರೋಪುಗಳ ಕಡೆ ಚಳಿಗಾಲ ಕಳೆಯುವವು. ಆದರೂ ಜಾತಿ ಒಂದೇ.

ನಮ್ಮ ಬಾಗಿಲಿಗೆ ಹತ್ತಿರದ ಕಾಟ್ಟಾಂಪಳ್ಳಿಗೆ ಬರೋಣ. ವಳಪಟ್ಟಣಂ ಹೊಳೆಗೆ ಸೇರಿಕೊಂಡ ಈ ಜೌಗು ಹಿಂದೆ ಉಪ್ಪುನೀರು ಏರಿ ಇಳಿಯುವ ಕೈಪ್ಪಾಡು ಗದ್ದೆಗಳ ನಾಡು. ಮಳೆಗಾಲದಲ್ಲಿ ಭತ್ತ, ಉಳಿದ ಸಮಯ ಸಿಗಡಿ, ಮೀನು. ಉಪ್ಪುನೀರನ್ನು ತಡೆದರೆ ಇನ್ನೂ ಹೆಚ್ಚು ಭತ್ತ ಬೆಳೆಯಬಹುದೆಂದು 1966ರಲ್ಲಿ ಅಡ್ಡಕ್ಕೆ ಬಾಗಿಲುಗಳುಳ್ಳ ಸೇತುವೆ ಕಟ್ಟಿದರು. ಎಣಿಸಿದ ಭತ್ತ ಬರಲಿಲ್ಲ, ಇದ್ದ ಕೈಪ್ಪಾಡೂ ಕೈಬಿಟ್ಟಿತು. ಪಾಳುಬಿದ್ದ ನೀರುನೆಲ ಮಾತ್ರ ಹಕ್ಕಿಗಳ ಪಾಲಿಗೆ ಬಂತು. ಕೇರಳದಲ್ಲಿ ಚುಕ್ಕೆ ಹದ್ದು ಚಳಿಗಾಲಕ್ಕೆ ತಪ್ಪದೆ ಬರುವ ಜಾಗಗಳಲ್ಲಿ ಇದು ಮುಖ್ಯವಾದದ್ದೆಂದು ಪಕ್ಷಿತಜ್ಞರು ದಾಖಲಿಸಿದ್ದಾರೆ. ಪಕ್ಷಿಗಳಿಗೆ ಮಹತ್ವದ ತಾಣಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲೂ ಸೇರಿದೆ. ಆದರೆ ಭರತಪುರದಂತೆ ಇದಕ್ಕೆ ಗೋಡೆಯೂ ಇಲ್ಲ, ಕಾವಲೂ ಇಲ್ಲ. ಅಂಚಿನಿಂದ ಮಣ್ಣು ತುಂಬಿಸುತ್ತ ಬರುವ ಲಾರಿಗಳನ್ನು ಕೇಳುವವರು ಊರಿನ ಕೆಲವು ಹಕ್ಕಿಪ್ರಿಯರಷ್ಟೇ.

ಹೋಗುವವರಿಗೆ ಒಂದೆರಡು ಮಾತು. ಕಣ್ಣೂರಿಗೆ ಬೆಳಗಿನ ಗಾಡಿ ಹಿಡಿಯಿರಿ. ಅಲ್ಲಿಂದ ಮುಂಡೇರಿಕ್ಕಡವಿನ ಕಡೆಗೆ ಹೋದರೆ ರಸ್ತೆಯ ಎರಡೂ ಬದಿ ನೀರು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಹಕ್ಕಿ ರೆಕ್ಕೆ ಬಿಚ್ಚುವುದು ಬಿಸಿಲೇರಿದ ಮೇಲೆ, ಒಂಬತ್ತೂವರೆ ಹತ್ತರ ಹೊತ್ತಿಗೆ. ಅದಕ್ಕೂ ಮೊದಲು ಒಂಟಿ ತೆಂಗಿನಮರ, ಕರೆಂಟು ಕಂಬಗಳನ್ನು ನೋಡುತ್ತ ಹೋಗಿ. ದುರ್ಬೀನು ಇಲ್ಲದವರು ಇದ್ದವರ ಹತ್ತಿರ ಕೇಳಬಹುದು, ಹಕ್ಕಿ ನೋಡುವವರು ಈ ವಿಷಯದಲ್ಲಿ ಧಾರಾಳಿಗಳು. ಭಾವನವರು ಈ ವರ್ಷ ಡಿಸೆಂಬರಿನಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವವರಿದ್ದಾರೆ; ಹೊಳ್ಳೆ ದುಂಡಗಿದೆಯೋ ಉದ್ದವಿದೆಯೋ ಎಂದು ಮಕ್ಕಳಿಗೆ ಈಗಲೇ ಸ್ಲೇಟಿನಲ್ಲಿ ಬರೆದು ಪಾಠ ಶುರುಮಾಡಿದ್ದಾರೆ.